ಹೇಳದೆ ಉಳಿಯುವ ರಕ್ತ

ಸತ್ಯವೂ ಮಂಗಲವೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿರುವ ಊರು ನಮ್ಮ ತುಮಕೂರಿನ ಸೆರಗಿನ ಸತ್ಯಮಂಗಲ. ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಹೊರಬರುವ ತರುಣರನ್ನು ಕಂಡಾಗಲೆಲ್ಲ, ಮಲದೊಡನೆ ರಕ್ತ ಬಿದ್ದುದನ್ನು ತಾಯಿಗಾಗಲಿ ಹೆಂಡತಿಗಾಗಲಿ ಹೇಳಲಾರದೆ, ‘ಉಷ್ಣವಾಗಿದೆ’ ಎಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾದವರು ಇವರೊಳಗೆ ಎಷ್ಟು ಮಂದಿಯೋ ಎಂಬ ಚಿಂತೆ ನನ್ನನ್ನು ಆವರಿಸುತ್ತದೆ. ಅಶುಚಿಯೆಂದು ಬಗೆದುದನ್ನು ನುಡಿಯುವುದು ಶೌಚಕ್ಕೆ ವಿರುದ್ಧವೋ, ನುಡಿಯದಿರುವುದು ಸತ್ಯಕ್ಕೆ ವಿರುದ್ಧವೋ?

ಪತಂಜಲಿಯು ಯೋಗದ ನಿಯಮಗಳಲ್ಲಿ ಶೌಚವನ್ನು ಮೊದಲಿಗಿರಿಸಿ, ಅದರಿಂದ ಸ್ವಂತ ಅಂಗಗಳಲ್ಲಿಯೂ ಜುಗುಪ್ಸೆ ಹುಟ್ಟುವುದೆಂದನು. ಆ ಜುಗುಪ್ಸೆ ದೇಹಾಭಿಮಾನದ ಬಂಧವನ್ನು ಸಡಿಲಿಸತಕ್ಕದ್ದೇ ಹೊರತು ದೇಹದ ವ್ಯಥೆಯನ್ನು ಮುಚ್ಚಿಡಲು ಕೊಟ್ಟ ಅಪ್ಪಣೆಯಲ್ಲ. ಬಸವಣ್ಣನವರಾದರೋ ಹನ್ನೆರಡನೆಯ ಶತಮಾನದಲ್ಲಿಯೇ ಶರೀರವನ್ನು ದೇವಾಲಯವೆಂದು ಕಂಡರು. ಗುಡಿಯ ತಳಪಾಯದಲ್ಲಿ ನೀರು ಜಿನುಗುತ್ತಿರುವುದನ್ನು ಕಂಡೂ ಊರವರಿಗೆ ತಿಳಿಸದ ಅರ್ಚಕನನ್ನು ಭಕ್ತನೆಂದು ಯಾರು ಕರೆದಾರು?

ನಮ್ಮ ಪೂರ್ವದ ವೈದ್ಯರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತನು ಅರ್ಶಸ್ಸಿಗೆ, ಎಂದರೆ ಮೂಲವ್ಯಾಧಿಗೆ, ಔಷಧ, ಕ್ಷಾರ, ಅಗ್ನಿ, ಶಸ್ತ್ರಗಳೆಂಬ ನಾಲ್ಕು ಉಪಾಯಗಳನ್ನು ನಿರ್ವಿಕಾರವಾಗಿ ವಿವರಿಸಿದನು. ತಡೆಯಬಾರದ 13 ವೇಗಗಳನ್ನು, ಎಂದರೆ ದೇಹದ ಸಹಜ ಒತ್ತಡಗಳನ್ನು, ಎಣಿಸಿದ ಚರಕನು ಮಲವೇಗವನ್ನೂ ಅವುಗಳಲ್ಲಿ ಸೇರಿಸಿದನು. ಯಂತ್ರದ ಮುಂದಿನಿಂದ ಏಳಲು ಬಿಡುವಿಲ್ಲದೆ, ನೀರು ಸೊಪ್ಪುಗಳನ್ನು ಮರೆತು ದುಡಿಯುವ ಹುಡುಗನಿಗೆ ಆ ಮಾತು ಇಂದಿಗೂ ನೇರವಾಗಿ ಸಲ್ಲುತ್ತದೆ. ಗಟ್ಟಿಯಾದ ಮಲ ಮತ್ತು ತಿಣುಕು ಇವೇ ಮೂಲವ್ಯಾಧಿಯನ್ನೂ ಗುದದ ಸೀಳನ್ನೂ ತರುವುವು. ಹರೆಯದವರಲ್ಲಿ ರಕ್ತಕ್ಕೆ ಬಹುಮಟ್ಟಿಗೆ ಕಾರಣ ಈ ಎರಡೇ: ಮೊದಲನೆಯದರಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ತೊಟ್ಟಿಕ್ಕುತ್ತದೆ, ಎರಡನೆಯದರಲ್ಲಿ ಕೊಯ್ದಂತಹ ನೋವಿರುತ್ತದೆ.

ಆದರೆ ಕೆಂಪು ಕಂಡೊಡನೆ ಮೂಲವ್ಯಾಧಿಯೆಂದು ತಾನೇ ತೀರ್ಪು ಕೊಟ್ಟುಕೊಳ್ಳುವುದು ಸಹ ಒಂದು ಬಗೆಯ ಅಸತ್ಯವೇ ಸರಿ. ಕಲುಷಿತ ನೀರಿನ ರಕ್ತಭೇದಿ, ಕರುಳಿನ ಕ್ಷಯ, ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುವ ಅಲ್ಸರೇಟಿವ್ ಕೊಲೈಟಿಸ್, ಪಾಲಿಪ್ ಎಂಬ ಗಂಟು, ನೂರರಲ್ಲಿ ಸುಮಾರು ಇಬ್ಬರಿಗೆ ಸಣ್ಣ ಕರುಳಿನಲ್ಲಿ ಹುಟ್ಟಿನಿಂದಲೇ ಇರುವ ಮೆಕೆಲ್ ಚೀಲ, ಅಪರೂಪಕ್ಕೆ ಅರ್ಬುದ, ಎಂದರೆ ಕ್ಯಾನ್ಸರ್, ಇವೆಲ್ಲವೂ ಅದೇ ವೇಷದಲ್ಲಿ ಬರಬಲ್ಲವು. ಅರ್ಬುದವು ಮುದುಕರ ಪಾಲಿನದಷ್ಟೇ ಎಂದು ನಿಶ್ಚಿಂತರಾಗುವಂತಿಲ್ಲ: ಅಮೆರಿಕದ ತಜ್ಞಮಂಡಲಿಯು ದೊಡ್ಡ ಕರುಳಿನ ಅರ್ಬುದದ ತಪಾಸಣೆಯನ್ನು ಆರಂಭಿಸಬೇಕಾದ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿತು.

ಇದೇ ತುಮಕೂರಿನ ಸಿದ್ಧಗಂಗೆಯಲ್ಲಿ ಸಹಸ್ರಾರು ಮಕ್ಕಳಿಗೆ ಅನ್ನವಿಟ್ಟ ಶ್ರೀ ಶಿವಕುಮಾರ ಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ, 2018ರ ಡಿಸೆಂಬರಿನಲ್ಲಿ, ಚೆನ್ನೈಯ ಶಸ್ತ್ರವೈದ್ಯರಿಗೆ ಶರೀರವನ್ನು ಒಪ್ಪಿಸಿದಾಗ, ಅವರ ಯಕೃತ್ತಿನ ಮತ್ತು ಪಿತ್ತನಾಳದ ಸ್ಥಿತಿಯನ್ನು ನಾಡೆಲ್ಲ ಕೈಮುಗಿದು ಕೇಳಿತು. ಅದರಿಂದ ಆ ಸಂನ್ಯಾಸದ ಪಾವಿತ್ರ್ಯಕ್ಕೆ ಎಳ್ಳಷ್ಟೂ ಕುಂದು ಬಂದಿತೆಂದು ಯಾರೂ ಭಾವಿಸಲಿಲ್ಲ. ಪಿತ್ತನಾಳವನ್ನು ಕುರಿತು ಆಡಬಹುದಾದ ಮಾತನ್ನು ಅದಕ್ಕಿಂತ ಕೆಲವೇ ಗೇಣು ಕೆಳಗಿನ ಅಂಗವನ್ನು ಕುರಿತು ಆಡಬಾರದೆಂಬ ಕಟ್ಟಳೆಯನ್ನು ಯಾವ ಶಾಸ್ತ್ರ ಮಾಡಿತು?

ಆದುದರಿಂದ, ತಮ್ಮಾ, ತಂಗೀ, ರಕ್ತ ಕಂಡರೆ ವೈದ್ಯರ ಬಳಿಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿರಿ. ತೂಕ ಇಳಿಯುತ್ತಿದ್ದರೆ, ಜ್ವರವಿದ್ದರೆ, ಮನೆತನದಲ್ಲಿ ಕರುಳಿನ ಅರ್ಬುದವಿದ್ದರೆ ಅದನ್ನೂ ಮರೆಮಾಚದಿರಿ. ರಕ್ತ ಬಹಳ ಹೋಗಿ ತಲೆ ಸುತ್ತಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿರಿ.