ಯಾರೂ ಉದ್ದೇಶಿಸದ ಕೊನೆ

ದ ಕ್ಲ್ಯಾಶ್ ಎಂಬ ಪಂಕ್ ತಂಡದ ‘ಲಂಡನ್ ಕಾಲಿಂಗ್’ ಆಲ್ಬಮ್ 1979ರ ಡಿಸೆಂಬರ್ 14ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದಾಗ ಅದರ ಕವರಿನ ಮೇಲೆ 18 ಹಾಡುಗಳ ಹೆಸರಿತ್ತು, ಒಳಗಿನ ಎರಡು ರೆಕಾರ್ಡುಗಳಲ್ಲಿ 19 ಹಾಡುಗಳಿದ್ದವು. ಹೆಸರಿಲ್ಲದೆ ಬಂದ ಹಾಡು ‘ಟ್ರೇನ್ ಇನ್ ವೇನ್’. ಒಂದು ಸಂಗೀತ ವಾರಪತ್ರಿಕೆಯ ಜೊತೆ ಪುಕ್ಕಟೆಯಾಗಿ ಹಂಚುವುದಕ್ಕೆಂದು ಅದನ್ನು ಗೊತ್ತುಮಾಡಿದ್ದರು. ಆ ಏರ್ಪಾಡು ಮುರಿದುಬಿತ್ತು. ಹಾಡು ಕೈಯಲ್ಲಿ ಉಳಿಯಿತು, ನಾಲ್ಕನೆಯ ಮಗ್ಗುಲಿನ ತುದಿಯಲ್ಲಿ ಜಾಗವಿತ್ತು, ಕವರು ಆಗಲೇ ಅಚ್ಚಿಗೆ ಹೋಗಿತ್ತು. ಹಾಗಾಗಿ ರೆಕಾರ್ಡಿನ ಒಳಂಚಿನಲ್ಲಿ, ಮುಳ್ಳು ಓಡಿ ನಿಲ್ಲುವ ಖಾಲಿ ಪಟ್ಟಿಯಲ್ಲಿ, ಅದರ ಹೆಸರನ್ನು ಗೀಚಿ ಬಿಟ್ಟರು. ಅಂದಿನಿಂದ ಈ ಆಲ್ಬಮ್ಮನ್ನು ಪ್ರೀತಿಸುವವರ ನಡುವೆ ಒಂದು ತಕರಾರು ನಡೆದೇ ಇದೆ. ಆಲ್ಬಮ್ ಮುಗಿಯುವುದು ಅದರ ಹಿಂದಿನ ‘ರೆವಲ್ಯೂಷನ್ ರಾಕ್’ನಲ್ಲಿ, ಆಮೇಲಿನದು ಬರೀ ಬಾಲ ಎನ್ನುವವರು ಒಂದು ಕಡೆ; ಕಿವಿಗೆ ಕೊನೆಯದಾಗಿ ಬೀಳುವುದು ಯಾವುದೋ ಅದೇ ಕೊನೆ, ಆಲ್ಬಮ್ಮಿನ ಅರ್ಥವೂ ಅಲ್ಲಿಯೇ ಗಟ್ಟಿಯಾಗುತ್ತದೆ ಎನ್ನುವವರು ಇನ್ನೊಂದು ಕಡೆ. ಇದನ್ನು ಅಭಿರುಚಿಯ ಜಗಳವೆಂದು ತಳ್ಳಿಹಾಕುವುದು ಸುಲಭ. ನನಗೆ ಇದರೊಳಗೆ ಹಳೆಯದಾದ, ಗಂಭೀರವಾದ ಪ್ರಶ್ನೆಯೊಂದು ಕಾಣುತ್ತದೆ: ಯಾರೂ ಉದ್ದೇಶಿಸದ ಒಂದು ಕ್ರಮಕ್ಕೆ ಅರ್ಥ ಇರಲು ಸಾಧ್ಯವೇ?

ಈ ಎರಡು ಕೊನೆಗಳ ನಡುವಿನ ಅಂತರ ಸಣ್ಣದಲ್ಲ. ಆಲ್ಬಮ್ ತೆರೆದುಕೊಳ್ಳುವುದು ಜಗತ್ತೇ ಮುಳುಗೀತೆಂಬ ಭೀತಿಯಲ್ಲಿ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅವಘಡವಾದ ವರ್ಷವದು. ಅಣುದುರಂತ, ಕೆಟ್ಟ ಹವೆ, ಲಂಡನ್ನಿನ ನದಿಯ ನೆರೆ, ಎಲ್ಲವೂ ಮೊದಲ ಹಾಡಿನಲ್ಲಿವೆ. ಅಲ್ಲಿಂದ ಮುಂದೆ ಸ್ಪೇನಿನ ಅಂತರ್ಯುದ್ಧ, ಸೂಪರ್‌ಮಾರ್ಕೆಟ್ಟಿನಲ್ಲಿ ದಿಕ್ಕುಗಾಣದ ಮನುಷ್ಯ, ಬ್ರಿಕ್ಸ್‌ಟನ್ನಿನ ಬಂದೂಕುಗಳು. ‘ರೆವಲ್ಯೂಷನ್ ರಾಕ್’ ಡ್ಯಾನಿ ರೇ ಹಾಡಿದ್ದ ರೆಗ್ಗೆ ಹಾಡಿನ ಮರುರೂಪ. ತುತ್ತೂರಿಗಳ ಜೊತೆ, ನೆರೆದವರೆಲ್ಲರನ್ನೂ ಕುಣಿಸಿ ಬೀಳ್ಕೊಡುವ ಹುರುಪು ಅದರದು. ಅಲ್ಲಿಗೆ ನಿಂತರೆ, ನಾಶದ ಭಯದಿಂದ ಹೊರಟ ಜನ ಒಟ್ಟಾಗಿ ಕುಣಿಯುವಲ್ಲಿಗೆ ಬಂದು ತಲುಪಿದರು ಎಂದಾಗುತ್ತದೆ. ‘ಟ್ರೇನ್ ಇನ್ ವೇನ್’ ಅದನ್ನು ಕದಡುತ್ತದೆ. ತಂಡದ ಮಿಕ್ ಜೋನ್ಸ್ ಹಾಡುವ ಈ ಹಾಡಿನಲ್ಲಿ ರಾಜಕೀಯವಿಲ್ಲ, ಊರಿಲ್ಲ, ಜನವಿಲ್ಲ. ಪ್ರೀತಿಸಿದವಳು ಕೈಬಿಟ್ಟ ಒಬ್ಬ ಗಂಡಸು ಮಾತ್ರ ಇದ್ದಾನೆ. ಇದನ್ನೂ ಸೇರಿಸಿ ಕೇಳಿದರೆ, ಎಲ್ಲರ ಸಂಕಟದಿಂದ ಹೊರಟದ್ದು ಒಬ್ಬನ ಸಂಕಟದಲ್ಲಿ ಬಂದು ನಿಲ್ಲುತ್ತದೆ. ಒಂದೇ ಆಲ್ಬಮ್, ಎರಡು ಬೇರೆ ಬೇರೆ ಮಾತು.

ಪಂಕ್ ಸಂಗೀತಕ್ಕೆ ಇಂಥ ಲೆಕ್ಕಾಚಾರವೇ ಒಗ್ಗದು ಎನ್ನುವ ಆಕ್ಷೇಪವಿದೆ. ಮೂರು ಸ್ವರಮೇಳ, ಎರಡು ನಿಮಿಷ, ಯಾರ ಯಜಮಾನಿಕೆಯೂ ಬೇಡ; ಹಾಡುಗಳನ್ನು ಕಟ್ಟಡದಂತೆ ಜೋಡಿಸುವ ಗತ್ತನ್ನೇ ತಾನೆ ಅದು ಧಿಕ್ಕರಿಸಿದ್ದು? ದಾಖಲೆ ಬೇರೆಯದನ್ನೇ ಹೇಳುತ್ತದೆ. ರಮೋನ್ಸ್ ತಂಡದವರು ತಮ್ಮ 1976ರ ಆಲ್ಬಮ್ಮಿನಲ್ಲಿ 14 ಹಾಡುಗಳನ್ನು 29 ನಿಮಿಷಗಳಲ್ಲಿ ಮುಗಿಸಿದರು. ಅಷ್ಟು ಬಿಗಿಯಲ್ಲಿ ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎನ್ನುವುದೇ ಅರ್ಧ ಅನುಭವ. ಸೆಕ್ಸ್ ಪಿಸ್ಟಲ್ಸ್ ತಮ್ಮ 1977ರ ಆಲ್ಬಮ್ಮನ್ನು ಮುಗಿಸಿದ್ದು ತಮ್ಮನ್ನು ಕೈಬಿಟ್ಟ ಇಎಂಐ ಕಂಪನಿಯ ಹೆಸರನ್ನೇ ಹೊತ್ತ ಹಾಡಿನಿಂದ. ಅದೇ ವರ್ಷದ ‘ಪಿಂಕ್ ಫ್ಲ್ಯಾಗ್’ನಲ್ಲಿ ವೈರ್ ತಂಡ 21 ಹಾಡುಗಳನ್ನು ಸುಮಾರು 35 ನಿಮಿಷಗಳಲ್ಲಿ ಇಟ್ಟಿತು. ಮುಂದೆ ಸಿಡಿಗಳಲ್ಲಿ ಅದರ ಬಾಲಕ್ಕೆ ಹೆಚ್ಚುವರಿ ಹಾಡುಗಳು ಅಂಟಿಕೊಂಡವು. 2006ರ ಮರುಮುದ್ರಣದಲ್ಲಿ ಅವನ್ನು ಕಿತ್ತುಹಾಕಿ ಆಲ್ಬಮ್ ಮೊದಲು ಮುಗಿದಿದ್ದಲ್ಲೇ ಮುಗಿಯುವಂತೆ ಮಾಡಿದರು. ಮಿನಿಟ್‌ಮೆನ್ ತಂಡದ 1984ರ ಜೋಡಿ ಆಲ್ಬಮ್ಮಿನಲ್ಲಿ ಮೂವರು ಸದಸ್ಯರು ತಲಾ ಒಂದು ಮಗ್ಗುಲಿನ ಹಾಡುಗಳನ್ನು ತಾವೇ ಆರಿಸಿ ಜೋಡಿಸಿದರು, ಉಳಿದವನ್ನು ನಾಲ್ಕನೆಯ ಮಗ್ಗುಲಿಗೆ ಹಾಕಿ ಅದಕ್ಕೆ ಜೊಳ್ಳು ಎಂಬರ್ಥದ ಹೆಸರಿಟ್ಟರು. ಯಜಮಾನಿಕೆ ಬೇಡವೆಂದವರು ಕ್ರಮ ಬೇಡವೆನ್ನಲಿಲ್ಲ, ಕ್ರಮವನ್ನು ಹಂಚಿಕೊಂಡರು.

ಇನ್ನೊಂದು ಆಕ್ಷೇಪ ತಾಂತ್ರಿಕವಾದದ್ದು, ಇದಕ್ಕೆ ಹೆಚ್ಚು ತೂಕವಿದೆ. ರೆಕಾರ್ಡು ತಿರುಗುವ ವೇಗ ಒಂದೇ ಆದರೂ ಒಳಗಿನ ಸುತ್ತು ಚಿಕ್ಕದು. ಹಾಗಾಗಿ ಕೇಂದ್ರಕ್ಕೆ ಹತ್ತಿರವಾದಂತೆ ಮುಳ್ಳಿನ ಕೆಳಗೆ ಸರಿಯುವ ಗೀರಿನ ಉದ್ದ ಕಡಿಮೆಯಾಗುತ್ತದೆ, ತಾರಸ್ಥಾಯಿಯ ಸ್ವರಗಳು ಮಸುಕಾಗುತ್ತವೆ. ಅಬ್ಬರದ ಹಾಡನ್ನು ಹೊರಗಿಟ್ಟು ಮೆದುವಾದದ್ದನ್ನು ಒಳಗಿಡುವ ರೂಢಿಗೆ ಇದೂ ಒಂದು ಕಾರಣ. ಒಂದು ಮಗ್ಗುಲಿಗೆ ಹಿಡಿಸುವುದೂ ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ‘ಲಂಡನ್ ಕಾಲಿಂಗ್’ಗೆ ಹೀಗೆ ನಾಲ್ಕು ಕೊನೆಗಳಿದ್ದವು, ತಂಡದ ಪಾಲ್ ಸಿಮೊನನ್ ಬರೆದು ಹಾಡಿದ ‘ದ ಗನ್ಸ್ ಆಫ್ ಬ್ರಿಕ್ಸ್‌ಟನ್’ ಎರಡನೆಯ ಮಗ್ಗುಲಿನ ಕೊನೆ, ಅದಾದ ಮೇಲೆ ಎದ್ದು ಹೋಗಿ ರೆಕಾರ್ಡು ಬದಲಿಸಬೇಕಿತ್ತು. ಸಿಡಿ ಬಂದಾಗ ಆ ಮೌನ ಮಾಯವಾಯಿತು. ಹಾಗಾದರೆ ಕೊನೆ ಎನ್ನುವುದು ಪ್ಲಾಸ್ಟಿಕ್ಕಿನ ಗುಣವೇ ಹೊರತು ಅರ್ಥದ ಗುಣವಲ್ಲ ಎನ್ನಬಹುದೇ? ಒಂದು ವಸ್ತು ಹೇಗೆ ಹುಟ್ಟಿತು ಎನ್ನುವುದು ಅದು ಏನನ್ನು ಹೇಳುತ್ತದೆ ಎನ್ನುವುದನ್ನು ತೀರ್ಮಾನಿಸಿಬಿಡುತ್ತದೆ ಎಂದು ಒಪ್ಪಿದರೆ ಮಾತ್ರ. ಅದನ್ನು ಒಪ್ಪದವರು ಹಿಂದೆಯೂ ಇದ್ದರು. ಆರಂಭ ಮತ್ತು ಅಂತ್ಯಗಳ ಬಲಾಬಲವನ್ನು ಅವರಷ್ಟು ಕಟ್ಟುನಿಟ್ಟಾಗಿ ತೂಗಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಲಂಡನ್ನಿನ ಹಾಡಿಗೆ ಅವರ ನಿಯಮಗಳನ್ನು ತರುತ್ತಿರುವುದು ಅದಕ್ಕಾಗಿಯೇ.

ಅವರು ವೇದವಾಕ್ಯಗಳ ಅರ್ಥನಿರ್ಣಯಕ್ಕೆ ನಿಯಮ ಕಟ್ಟಿದ ಮೀಮಾಂಸಕರು. ಅವರ ಪ್ರಕಾರ ಒಂದು ಪ್ರಕರಣದ ತಾತ್ಪರ್ಯವನ್ನು ಅರಿಯಲು ಅದರ ಉಪಕ್ರಮ ಮತ್ತು ಉಪಸಂಹಾರಗಳನ್ನು, ಅಂದರೆ ಆರಂಭ ಮತ್ತು ಮುಕ್ತಾಯಗಳನ್ನು, ನೋಡಬೇಕು. ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆದರೆ ಉಪಕ್ರಮವೇ ಗೆಲ್ಲುತ್ತದೆ. ಮೊದಲ ಮಾತು ಹುಟ್ಟುವಾಗ ಅದಕ್ಕೆ ಎದುರಾಳಿಯೇ ಇರುವುದಿಲ್ಲ, ಕೊನೆಯ ಮಾತು ಹುಟ್ಟುವುದು ಮೊದಲನೆಯದು ನೆಲೆಯೂರಿದ ಮೇಲೆ. ಆದ್ದರಿಂದ ತಡವಾಗಿ ಬಂದದ್ದು ಮೊದಲೇ ಇದ್ದದ್ದಕ್ಕೆ ಹೊಂದಿಕೊಳ್ಳಬೇಕು. ವಿಜಯನಗರದ ಕಾಲದ ವ್ಯಾಸತೀರ್ಥರು ಈ ನಿಯಮವನ್ನು ತಲೆಕೆಳಗು ಮಾಡಿ ಉಪಸಂಹಾರವೇ ಪ್ರಬಲವೆಂದು ವಾದಿಸಿದರು. ತಮಿಳುನಾಡಿನ ಅಪ್ಪಯ್ಯ ದೀಕ್ಷಿತರು ‘ಉಪಕ್ರಮಪರಾಕ್ರಮ’ ಬರೆದು ಹಳೆಯ ಪಕ್ಷವನ್ನು ಎತ್ತಿಹಿಡಿದರು. ವ್ಯಾಸತೀರ್ಥರ ಪರಂಪರೆಯ ವಿಜಯೀಂದ್ರ ತೀರ್ಥರು ‘ಉಪಸಂಹಾರವಿಜಯ’ದಿಂದ ಉತ್ತರ ಕೊಟ್ಟರು. 16ನೆಯ ಶತಮಾನದ ಈ ವಾದದ ಹಿಂದೆ ಬ್ರಹ್ಮ ಸಗುಣವೋ ನಿರ್ಗುಣವೋ ಎಂಬಂಥ ದೊಡ್ಡ ಪಣಗಳಿದ್ದವು. ಹಾಡುಗಳ ಪಣ ಅಷ್ಟು ದೊಡ್ಡದಲ್ಲ, ಆದರೆ ತರ್ಕದ ಹಾದಿ ಒಂದೇ. ಉಪಕ್ರಮವಾದಿಯ ಕಿವಿಯಲ್ಲಿ ‘ಟ್ರೇನ್ ಇನ್ ವೇನ್’ನ ಒಂಟಿತನ ಆ ಮಹಾನೆರೆಯದೇ ಒಂದು ಹನಿ: ಲೋಕ ಕುಸಿಯುವಾಗ ಮನೆಯೂ ಕುಸಿಯುತ್ತದೆ. ಉಪಸಂಹಾರವಾದಿಯ ಕಿವಿಯಲ್ಲಿ ಮೊದಲಿನ ಆ ಕೂಗೆಲ್ಲ ಕೈಬಿಟ್ಟು ಹೋದವರನ್ನು ಕರೆಯುವ ಕೂಗೇ ಆಗಿತ್ತೆಂದು ಕೊನೆಗೆ ತಿಳಿಯುತ್ತದೆ. ವ್ಯಾಸತೀರ್ಥರ ಪಕ್ಷಕ್ಕೆ ಇನ್ನೂ ಬಲವಾದ ಉದಾಹರಣೆ ಹಸ್ಕರ್ ಡೂ ತಂಡದ ‘ಝೆನ್ ಆರ್ಕೇಡ್’, 1984ರದು. ಮನೆ ಬಿಟ್ಟು ಓಡಿಹೋದ ಹುಡುಗನೊಬ್ಬ ಹೊರಗಿನ ಲೋಕದಲ್ಲಿ ಪಡುವ ಪಾಡು ಅದರ ಎಳೆ. ಕೊನೆಯಲ್ಲಿ ಸುಮಾರು 14 ನಿಮಿಷಗಳ, ಮಾತೇ ಇಲ್ಲದ ವಾದ್ಯಸಂಗೀತ, ಹೆಸರು ‘ರೀಒಕರಿಂಗ್ ಡ್ರೀಮ್ಸ್’. ಅದನ್ನು ನಂಬಿದರೆ ನಡೆದದ್ದೆಲ್ಲ ಕನಸು, ಅದೂ ಮತ್ತೆ ಮತ್ತೆ ಬೀಳುವ ಕನಸು. ಇಲ್ಲಿ ಕೊನೆಯದು ಮೊದಲಿನದಕ್ಕೆ ಹೊಂದಿಕೊಳ್ಳುವ ಪ್ರಶ್ನೆಯೇ ಇಲ್ಲ, ಮೊದಲಿನದರ ಸತ್ಯವನ್ನೇ ಅದು ಬದಲಿಸುತ್ತದೆ.

ಆದರೆ ಮೀಮಾಂಸೆಯಲ್ಲೇ ಉಪಕ್ರಮದ ನಿಯಮಕ್ಕೆ ವಿರುದ್ಧವೆಂದು ತೋರುವ ಇನ್ನೊಂದು ನ್ಯಾಯವಿದೆ. ಜ್ಯೋತಿಷ್ಟೋಮ ಯಾಗದಲ್ಲಿ ಋತ್ವಿಜರು ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಹಿಡಿದು ಸಾಲಾಗಿ ನಡೆಯುತ್ತಾರೆ. ಅವರಲ್ಲಿ ಉದ್ಗಾತೃ ಕೈಬಿಟ್ಟರೆ ಒಂದು ಪ್ರಾಯಶ್ಚಿತ್ತ, ಪ್ರತಿಹರ್ತೃ ಕೈಬಿಟ್ಟರೆ ಅದಕ್ಕೆ ವಿರುದ್ಧವಾದ ಇನ್ನೊಂದು. ಒಬ್ಬರಾದ ಮೇಲೊಬ್ಬರು ಕೈಬಿಟ್ಟರೆ ನಂತರದ್ದರ ಪ್ರಾಯಶ್ಚಿತ್ತವೇ ನಿಲ್ಲುತ್ತದೆ. ಇದು ಅಪಚ್ಛೇದ ನ್ಯಾಯ. ಇಲ್ಲಿ ಕೊನೆಯದಕ್ಕೇ ಗೆಲುವು. ಎರಡು ನ್ಯಾಯಗಳೂ ಒಟ್ಟಿಗೆ ಬಾಳುವುದು ಹೇಗೆ? ಒಂದನ್ನೊಂದು ಅವಲಂಬಿಸದ ಎರಡು ಸಂಗತಿಗಳು ಡಿಕ್ಕಿಯಾದಾಗ ನಂತರದ್ದು ಗೆಲ್ಲುತ್ತದೆ, ಒಂದೇ ವಾಕ್ಯದ ಭಾಗಗಳಾದರೆ ಮೊದಲಿನದು. ಅಭಿಮಾನಿಗಳ ಜಗಳ ಬಗೆಹರಿಯದೆ ಉಳಿದಿರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಯಾವ ಹಾಡು ಕೊನೆಗೆ ಬರಬೇಕು ಎಂದು ಅವರು ಕೇಳುತ್ತಿದ್ದಾರೆ. ಅದಕ್ಕಿಂತ ಮುಂಚೆ ಕೇಳಬೇಕಾದ್ದು, ಈ ಹಾಡುಗಳೆಲ್ಲ ಸೇರಿ ಒಂದೇ ಮಾತು ಆಗುತ್ತವೆಯೇ ಎಂದು. ಅದಕ್ಕೂ ಮೀಮಾಂಸೆಯ ಸೂತ್ರಕಾರ ಜೈಮಿನಿಯ ಸೂತ್ರದಲ್ಲಿ ಒಂದು ಪರೀಕ್ಷೆಯಿದೆ: ಎಲ್ಲ ಸೇರಿ ಒಂದೇ ಪ್ರಯೋಜನವನ್ನು ಸಾಧಿಸಬೇಕು, ಬಿಡಿಸಿದಾಗ ಭಾಗಗಳಲ್ಲಿ ಕೊರತೆ ಕಾಣಬೇಕು. ಬಿಡಿಸಿ ನೋಡೋಣ. ‘ಟ್ರೇನ್ ಇನ್ ವೇನ್’ ಅಮೆರಿಕದಲ್ಲಿ ಬಿಡಿ ಹಾಡಾಗಿ ಹೊರಬಂದು 1980ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ 23ನೆಯ ಸ್ಥಾನಕ್ಕೆ ಏರಿತು. ಆಲ್ಬಮ್ಮಿನ ಸುದ್ದಿಯೇ ತಿಳಿಯದ ಸಾವಿರಾರು ಕೇಳುಗರಿಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. ಇನ್ನು ಆಲ್ಬಮ್ಮಿನಿಂದ ಅದನ್ನು ತೆಗೆದು ನೋಡಿ. ಇಷ್ಟು ವರ್ಷ 19 ಹಾಡುಗಳನ್ನೂ ಕೇಳಿದವರಿಗೆ ‘ರೆವಲ್ಯೂಷನ್ ರಾಕ್’ ನಿಂತ ಕೂಡಲೇ ಕಿವಿ ಮುಂದಿನ ಡ್ರಮ್ಮಿನ ಪೆಟ್ಟಿಗೆ ಕಾಯುತ್ತದೆ, ಅದು ಬಾರದಿದ್ದರೆ ಮಾತು ಅರ್ಧಕ್ಕೇ ತುಂಡಾದಂತೆ. ಹಾಡಿಗೆ ಆಲ್ಬಮ್ ಬೇಕಿಲ್ಲ, ಆಲ್ಬಮ್ಮಿಗೆ ಹಾಡು ಬೇಕು. ಈ ಆಕಾಂಕ್ಷೆ ಮೊದಲ ದಿನ ಇರಲಿಲ್ಲ, ಕೇಳಿ ಕೇಳಿ ಹುಟ್ಟಿತು. ಹಾಗೆಂದು ಅದು ಸುಳ್ಳಲ್ಲ.

ತಂಡದವರೇ ಉದ್ದೇಶಿಸದ್ದನ್ನು ಕೊನೆಯೆಂದು ಒಪ್ಪುವುದು ಹೇಗೆ ಎಂಬ ಪ್ರಶ್ನೆ ಈಗಲೂ ಉಳಿದಿದೆ. ಇದೇ ಅತ್ಯಂತ ಗಟ್ಟಿಯಾದ ಆಕ್ಷೇಪ. ಉತ್ತರವನ್ನು ಮತ್ತೆ ಮೀಮಾಂಸಕರಿಂದಲೇ ಪಡೆಯಬಹುದು, ಏಕೆಂದರೆ ಅವರ ಮತದಲ್ಲಿ ವೇದಕ್ಕೆ ಕರ್ತೃವೇ ಇಲ್ಲ. ಋಷಿಗಳು ಬರೆಯಲಿಲ್ಲ, ದೇವರೂ ಬರೆಯಲಿಲ್ಲ. ಉಪಕ್ರಮದಿಂದ ಇದು ತಿಳಿಯುತ್ತದೆ, ಉಪಸಂಹಾರದಿಂದ ಅದು ತಿಳಿಯುತ್ತದೆ ಎಂದು ಅವರು ಹೇಳುವಾಗ ಯಾರದೋ ಮನಸ್ಸಿನೊಳಗಿನ ಯೋಜನೆಯನ್ನು ಅವರು ಹುಡುಕುತ್ತಿಲ್ಲ. ಕ್ರಮಕ್ಕೆ ಅರ್ಥ ಬರಲು ಕ್ರಮಗೊಳಿಸಿದವನು ಬೇಕಿಲ್ಲ ಎಂಬುದನ್ನು ಅವರಷ್ಟು ಧೈರ್ಯವಾಗಿ ಹಿಡಿದವರು ಕಡಿಮೆ. ಇಲ್ಲೊಂದು ವ್ಯತ್ಯಾಸವನ್ನು ಮುಚ್ಚಿಡಬಾರದು: ಅವರಿಗೆ ವೇದದ ಆನುಪೂರ್ವಿ, ಅಂದರೆ ಪದಗಳ ಕ್ರಮ, ನಿತ್ಯ, ಬದಲಾಗದ್ದು; ಕ್ಲ್ಯಾಶ್‌ನ ಕ್ರಮ ಮುದ್ರಣಾಲಯದ ಒಂದು ಆಕಸ್ಮಿಕ. ಆದರೂ ವೇದದಲ್ಲಿಯೂ ಶಾಖೆಗಳಿವೆ, ಪಾಠಗಳು ಬೇರೆಯಾದರೂ ಅವು ವಿಧಿಸುವ ಕರ್ಮ ಒಂದೇ ಎಂದು ಮೀಮಾಂಸೆ ಪ್ರತ್ಯೇಕವಾಗಿ ವಾದಿಸಿ ಸ್ಥಾಪಿಸಬೇಕಾಯಿತು. ಕ್ಲ್ಯಾಶ್‌ನ ಮೊದಲ ಆಲ್ಬಮ್ಮಿಗೂ ಎರಡು ಪಾಠಗಳಿವೆ: 1977ರ ಬ್ರಿಟಿಷ್ ಪಾಠ ‘ಜೇನಿ ಜೋನ್ಸ್’ನಿಂದ ಶುರು, ನಾಲ್ಕು ಹಾಡುಗಳನ್ನು ಕೈಬಿಟ್ಟು ಬೇರೆಯವನ್ನು ಸೇರಿಸಿದ 1979ರ ಅಮೆರಿಕದ ಪಾಠ ‘ಕ್ಲ್ಯಾಶ್ ಸಿಟಿ ರಾಕರ್ಸ್’ನಿಂದ ಶುರು. ಎರಡರ ಕೊನೆಯೂ ‘ಗ್ಯಾರೇಜ್‌ಲ್ಯಾಂಡ್’. ಅಮೆರಿಕದ ಪಾಠದಲ್ಲಿ ಬೆಳೆದವರು ಕೇಳಿದ್ದು ಬೇರೆ ಆಲ್ಬಮ್ಮೆಂದು ನಾನು ಹೇಳಲಾರೆ. ನಿತ್ಯತ್ವವನ್ನು ಬಿಟ್ಟುಕೊಟ್ಟರೂ ಉಳಿಯುವ ತತ್ತ್ವ ಇಷ್ಟು: ಒಂದು ಕ್ರಮವನ್ನು ಜನ ಶ್ರದ್ಧೆಯಿಂದ ಮತ್ತೆ ಮತ್ತೆ ಕೇಳಿ ಕೈದಾಟಿಸಿದಾಗ ಅದು ಹುಟ್ಟಿದ ಕಾರಣವನ್ನು ಮೀರುತ್ತದೆ. ಹಾಡುಗಳನ್ನು ಕಲಸಿ ಕೇಳುವ ಈ ಕಾಲದಲ್ಲಿ ಇದೆಲ್ಲ ಎಲ್ಲಿದೆ ಎನ್ನುವವರಿಗೂ ಇದೇ ಉತ್ತರ. ಕೇಳುವವರು ಕಡಿಮೆಯಾದರೆ ಸಂಪ್ರದಾಯ ಸಣಕಲಾಗುತ್ತದೆ, ಅದರ ಅರ್ಥ ತಪ್ಪಾಗುವುದಿಲ್ಲ.

ಇದನ್ನು ಧಾರ್ಮಿಕ ಪ್ರಶ್ನೆಯೆಂದು ನಾನು ಎಣಿಸುವುದಕ್ಕೆ ಕಾರಣ, ಮನುಷ್ಯನ ಬದುಕೂ ಹೀಗೆಯೇ ಯಾರೂ ಆರಿಸದ ಕಡೆ ಮುಗಿಯುತ್ತದೆ. ಶರಣನ ಗುಣವನ್ನು ಮರಣದಲ್ಲಿ ನೋಡು ಎನ್ನುತ್ತದೆ ನಮ್ಮ ಗಾದೆ. ಸಾಯುವ ತನಕ ಯಾರನ್ನೂ ಸುಖಿ ಎನ್ನಬೇಡ ಎಂಬ ಗ್ರೀಸಿನ ಸೊಲೊನನ ಮಾತನ್ನು ಅರಿಸ್ಟಾಟಲ್ ಎತ್ತಿಕೊಂಡು, ಹಾಗಾದರೆ ಬದುಕಿರುವಾಗ ಸುಖವೇ ಇರಲಿಲ್ಲವೇ ಎಂದು ತಡಕಾಡಿದ. ಗೀತೆಯ ಎಂಟನೆಯ ಅಧ್ಯಾಯದ ಒಂದು ಶ್ಲೋಕ ಅಂತ್ಯಕಾಲದ ಸ್ಮರಣೆಗೆ ಅಪಾರ ಬಲ ಕೊಡುತ್ತದೆ. ಆದರೆ ಆ ಸ್ಮರಣೆ ಬರುವುದು ಬದುಕಿನುದ್ದಕ್ಕೂ ಬೆಳೆಸಿಕೊಂಡ ಭಾವನೆಯಿಂದ ಎಂದು ಅದೇ ಶ್ಲೋಕ ಸೇರಿಸುತ್ತದೆ. ಅಂದರೆ ಅಲ್ಲಿ ಕೊನೆಯ ಕ್ಷಣ ಬಿಡಿಯಾಗಿ ನಿಂತಿಲ್ಲ. ಕೊನೆಯೊಂದರಿಂದಲೇ ಬದುಕನ್ನು ಅಳೆಯುವವರು ಅದನ್ನು ಬಿಡಿ ಘಟನೆಗಳೆಂದು ಕಂಡು ಅಪಚ್ಛೇದ ನ್ಯಾಯವನ್ನು ಹಚ್ಚುತ್ತಿದ್ದಾರೆ. ಬದುಕು ಒಂದೇ ವಾಕ್ಯವಾದರೆ ಕೊನೆಯ ಮಾತಿಗೆ ಹಿಂದಿನದನ್ನು ಬೆಳಗುವ ಹಕ್ಕಿದೆ, ಅಳಿಸುವ ಹಕ್ಕಿಲ್ಲ. ‘ಝೆನ್ ಆರ್ಕೇಡ್’ನ ಹುಡುಗ ಕಂಡದ್ದು ಕನಸೇ ಆಗಿದ್ದರೂ ಕನಸಿನಲ್ಲಿ ಪಟ್ಟ ಭಯವನ್ನು ಅವನು ಪಟ್ಟಿದ್ದಾನೆ, ವ್ಯಾಸತೀರ್ಥರ ಪಕ್ಷಕ್ಕೆ ನಾನು ಕೊಡಬಲ್ಲ ಒಪ್ಪಿಗೆ ಅಲ್ಲಿಯವರೆಗೆ.

ಕ್ಲ್ಯಾಶ್ ತಂಡದ ಬದುಕಿಗೂ ಇದನ್ನು ಹಚ್ಚಿ ನೋಡಬೇಕು. 1983ರಲ್ಲಿ ಮಿಕ್ ಜೋನ್ಸ್‌ರನ್ನು ಹೊರಹಾಕಿದ ಮೇಲೆ, 1985ರಲ್ಲಿ, ‘ಕಟ್ ದ ಕ್ರ್ಯಾಪ್’ ಎಂಬ ಕೊನೆಯ ಆಲ್ಬಮ್ ಬಂತು. ಬಹುತೇಕ ಅಭಿಮಾನಿಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; 2013ರಲ್ಲಿ ‘ಸೌಂಡ್ ಸಿಸ್ಟಮ್’ ಎಂಬ ದೊಡ್ಡ ಸಂಪುಟ ಹೊರಬಂದಾಗ ಅದರಲ್ಲಿ ಮೊದಲ ಐದು ಆಲ್ಬಮ್‌ಗಳಿದ್ದವು, ಆರನೆಯದು ಇರಲಿಲ್ಲ. ಆ ನಿರ್ಧಾರದ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೆ ಹೆಸರಿಲ್ಲದ ಹಾಡೊಂದು ಬಂದು ಕೂತದ್ದನ್ನು ಕೊನೆಯೆಂದು ಒಪ್ಪಿಕೊಂಡ ಕೇಳುಗನಿಗೆ, ಹೆಸರಿದ್ದೂ ಬೇಡವಾದ ಆಲ್ಬಮ್ಮನ್ನು ಕೊನೆಯಲ್ಲವೆಂದು ಕತ್ತರಿಸಲು ಬರುವುದಿಲ್ಲ. ಅದರಲ್ಲಿ ‘ದಿಸ್ ಈಸ್ ಇಂಗ್ಲೆಂಡ್’ ಇದೆ. 1979ರಲ್ಲಿ ನದಿ ಉಕ್ಕೀತೆಂದು ಎಚ್ಚರಿಸಿದ ಜೋ ಸ್ಟ್ರಮರ್ ಅಲ್ಲಿ ದಣಿದ ದನಿಯಲ್ಲಿ ತನ್ನ ದೇಶದ ಸೋಲನ್ನು ಹಾಡುತ್ತಾರೆ. ಆ ದಣಿವನ್ನು ಬಿಟ್ಟು ಆ ಎಚ್ಚರಿಕೆಯನ್ನು ಪೂರ್ತಿ ಕೇಳಲಾಗದು. ಆರನೆಯ ಆಲ್ಬಮ್ ಆ ಸಂಪುಟದಲ್ಲಿ ಇರಬೇಕಿತ್ತು, ಎಲ್ಲಕ್ಕಿಂತ ಕೊನೆಯಲ್ಲಿ.