ಕೇಳಿದ್ದರೆ ಹೇಳುತ್ತಿದ್ದೆ

ನಮ್ಮ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಅತ್ತೆಯವರು ಮದುವೆಯಾಗಿ ಬಂದ ಕಾಲದ್ದು. ನಡುವೆ ಬಿರುಕು ಬಿಟ್ಟಿತ್ತು, ಒಂದು ಮೂಲೆ ಒಡೆದುಹೋಗಿತ್ತು. ಒಂದು ಬೇಸಿಗೆಯಲ್ಲಿ ಅತ್ತೆ ಗುಬ್ಬಿಯ ಮಗಳ ಮನೆಗೆ ಹೋಗಿದ್ದಾಗ ನಾನೇ ಮುಂದೆ ನಿಂತು ಅದನ್ನು ಕೀಳಿಸಿದೆ. ಅಲ್ಲಿ ಸಿಮೆಂಟು ಹಾಕಿಸಿ, ನಲ್ಲಿ ಕೂಡಿಸಿ, ನೀರು ನೇರವಾಗಿ ಚರಂಡಿಗೆ ಸೇರುವಂತೆ ಪೈಪು ಹಾಕಿಸಿದೆ. ಅವರು ಬಂದಾಗ ಸಂತೋಷಪಡುತ್ತಾರೆಂದುಕೊಂಡಿದ್ದೆ. ಅವರು ಏನೂ ಅನ್ನಲಿಲ್ಲ. ಎರಡು ತಿಂಗಳಲ್ಲಿ ಹಿತ್ತಲ ಬಾಳೆಗಿಡಗಳು ಬಾಡಿದವು, ಕರಿಬೇವು ಒಣಗಿತು. ಕಲ್ಲಿನ ಕೆಳಗಿನಿಂದ ಹರಿಯುತ್ತಿದ್ದ ನೀರನ್ನು ಅತ್ತೆ ಸಣ್ಣ ಕಾಲುವೆ ತೋಡಿ ಅಲ್ಲಿಗೆ ತಿರುಗಿಸಿದ್ದರಂತೆ. ನನಗೆ ಅದು ಕಂಡೇ ಇರಲಿಲ್ಲ. "ಮೊದಲೇ ಹೇಳಬಾರದಿತ್ತೇ?" ಎಂದೆ. "ಕೇಳಿದ್ದರೆ ಹೇಳುತ್ತಿದ್ದೆ" ಎಂದರು, ಅಷ್ಟೆ.

ಆ ಮಾತು ಮತ್ತೆ ನೆನಪಾದದ್ದು ರಾಮೇಶ್ವರದ ದಾರಿಯಲ್ಲಿ. ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗಬೇಕು, ಇಲ್ಲದಿದ್ದರೆ ಯಾತ್ರೆ ಪೂರ್ತಿಯಾಗದು ಎಂಬ ನಂಬಿಕೆ ನಮ್ಮ ಕಡೆಯ ಹಿರಿಯರದು. ಅತ್ತೆಯವರನ್ನು ಕರೆದುಕೊಂಡು ನಾವೂ ಹೋದೆವು. ಹೋಗುವಾಗ ಬಸ್ಸಿನಲ್ಲಿ. ಪಾಂಬನ್‌ನ ರಸ್ತೆ ಸೇತುವೆಯ ಮೇಲೆ ಬಸ್ಸು ನಿಂತಿತು. ಕೆಳಗೆ ಪಕ್ಕದಲ್ಲಿ ಸಮುದ್ರಕ್ಕೆ ಅಂಟಿಕೊಂಡಂತೆ ರೈಲಿನ ಹಳೆಯ ಸೇತುವೆ. ಅದರ ನಡುಭಾಗ ಎರಡು ಕದಗಳು ತೆರೆದಂತೆ ಮೇಲೆದ್ದು ನಿಂತಿತ್ತು. ದೋಣಿಗಳು ಒಂದರ ಹಿಂದೊಂದು ದಾಟುತ್ತಿದ್ದವು. ಮೇಲಿನ ಹಾದಿಯನ್ನೇ ಕಡಿದು ಕೆಳಗಿನವರಿಗೆ ದಾರಿ ಬಿಡುವ ಸೇತುವೆಯನ್ನು ನಾನು ನೋಡಿದ್ದು ಅದೇ ಮೊದಲು.

ಆ ಸೇತುವೆ ರೈಲಿಗೆ ತೆರೆದದ್ದು 1914ರ ಫೆಬ್ರವರಿಯಲ್ಲಿ. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ನಡುವಿನ ಎರಡು ಕದಗಳನ್ನು ಕೆಲಸಗಾರರು ಕೈಯಿಂದಲೇ ಸನ್ನೆ ತಿರುಗಿಸಿ ಎತ್ತುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನು ನುಂಗಿದಾಗ ಈ ಸೇತುವೆಯ ಎಷ್ಟೋ ಕಮಾನುಗಳು ಕೊಚ್ಚಿಹೋದವು. ಇ. ಶ್ರೀಧರನ್ ಅವರ ಮೇಲ್ವಿಚಾರಣೆಯಲ್ಲಿ 46 ದಿನಗಳಲ್ಲಿ ಅದನ್ನು ಮತ್ತೆ ನಿಲ್ಲಿಸಿದರು. ಆದರೆ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲವಲ್ಲ. 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ನಿಂತುಹೋಯಿತು. ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು, ರಾಮನವಮಿಯ ದಿನ, ಉದ್ಘಾಟನೆಯಾಯಿತು. ಇದರಲ್ಲಿ ಕದಗಳಿಲ್ಲ. 72.5 ಮೀಟರಿನ ನಡುತುಂಡು ಇಡಿಯಾಗಿ, ಕಟ್ಟಡದ ಲಿಫ್ಟಿನಂತೆ, 17 ಮೀಟರಿನವರೆಗೆ ಮೇಲೇರುತ್ತದೆ.

ಹಳೆಯದು ಹೋಗಲೇಬೇಕಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಬಿರುಕು ಬಿಟ್ಟ ಕಲ್ಲನ್ನು ಅಭಿಮಾನಕ್ಕಾಗಿ ಇಟ್ಟುಕೊಂಡು ಕೈ ಗಾಯ ಮಾಡಿಕೊಳ್ಳುವುದು ಜಾಣತನವಲ್ಲ. ನನ್ನ ಪ್ರಶ್ನೆ ಬೇರೆ. ಬದಲಿಸುವ ಮೊದಲು ನಾವು ಯಾರನ್ನು ಕೇಳುತ್ತೇವೆ?

ರೈಲಿನಲ್ಲಿ ಕೂತವರ ಪರವಾಗಿ ಕೇಳಲು ಕಾನೂನಿದೆ. ಹೊಸ ಮಾರ್ಗದಲ್ಲಿ ಪ್ರಯಾಣಿಕರನ್ನು ಕೊಂಡೊಯ್ಯುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಸೇತುವೆಯ ಕೆಳಗಿನವರ ಪರವಾಗಿ? ಅಲ್ಲಿ ಬೆಸ್ತರ ಬಲೆಗಳಿವೆ. ಪಕ್ಕದ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬಗಳು, ಕಡಲ ಹುಲ್ಲು, ಅದನ್ನು ಮೇಯುವ ಕಡಲ ಹಸು ಎಲ್ಲ ಇವೆ. ದೊಡ್ಡ ಕಾಮಗಾರಿಗೆ ಮುಂಚೆ ಪರಿಸರದ ಪರಿಣಾಮವನ್ನು ನೋಡಬೇಕೆಂಬ ಅಧಿಸೂಚನೆ ನಮ್ಮ ದೇಶದಲ್ಲಿ ಬಂದದ್ದು 1994ರಲ್ಲಿ. ಜನರನ್ನು ಕೇಳಬೇಕೆಂಬುದು ಸೇರಿದ್ದು 1997ರಲ್ಲಿ. 2006ರಲ್ಲಿ ಅದು ಹೊಸ ರೂಪ ಪಡೆಯಿತು. ಆ 2006ರ ಪಟ್ಟಿಯಲ್ಲಿ ಹೆದ್ದಾರಿಗಳಿವೆ, ಬಂದರುಗಳಿವೆ, ವಿಮಾನ ನಿಲ್ದಾಣಗಳಿವೆ. ರೈಲು ಮಾರ್ಗ ಮಾತ್ರ ಇಲ್ಲ. ಕರಾವಳಿಗೆ, ಕಾಡಿಗೆ ಬೇರೆ ನಿಯಮಗಳಿವೆ, ನಿಜ. ಆದರೆ ಊರಿನವರನ್ನು ಕೂಡಿಸಿ ಕೇಳುವ ಆ ಸಭೆಯನ್ನು ಈ ಪಟ್ಟಿ ರೈಲಿಗೆ ಕಡ್ಡಾಯ ಮಾಡಿಲ್ಲ.

ಆ ಸಭೆಗೆ ನಮ್ಮಲ್ಲಿ ಸಾರ್ವಜನಿಕ ಆಲಿಕೆ ಎನ್ನುತ್ತಾರೆ. ಎಷ್ಟು ಒಳ್ಳೆಯ ಹೆಸರು! ಮಾತಿನ ಸಭೆಯಲ್ಲ, ಆಲಿಸುವ ಸಭೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತೆ ಇಡಬೇಕು. ಆದರೆ ಸಭೆಗೆ ಇಷ್ಟು ಜನ ಬರಲೇಬೇಕೆಂಬ ಕೋರಂ ಇಲ್ಲ. ಯಾರೂ ಬಾರದಿದ್ದರೂ ಸಭೆ ನಡೆಯುತ್ತದೆ, ಕೇಳಿದೆವು ಎಂದು ಬರೆದುಕೊಳ್ಳಬಹುದು. ಪತ್ರಿಕೆಯ ಮೂಲೆಯ ಆ ಪ್ರಕಟಣೆಯ ಮೇಲೆ ನಾವು ಎಷ್ಟು ಸಲ ಕೊತ್ತಂಬರಿ ಬಿಡಿಸಿದ್ದೇವೆ! ಕೇಳದವರ ತಪ್ಪು ಒಂದಾದರೆ, ಕೇಳಿದಾಗ ಹೇಳದವರ ತಪ್ಪು ಇನ್ನೊಂದು.

"ಕೇಳುತ್ತಾ ಕೂತರೆ ಕೆಲಸ ಆಗುವುದು ಯಾವಾಗ?" ಎನ್ನುವವರ ಮಾತನ್ನು ತಳ್ಳಿಹಾಕಲಾರೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು, ಲಾರಿಯೊಂದು ಹೊಳೆಗೆ ಬಿತ್ತು. ಚಾಲಕನ ಜೀವ ಉಳಿದದ್ದು ಪುಣ್ಯ. ತಡವೂ ಒಂದು ಅಪರಾಧವಾಗಬಲ್ಲದು. ಆದ್ದರಿಂದಲೇ ಮುಪ್ಪು ಬಂದಾಗ ಅಲ್ಲ, ಮುಪ್ಪು ಬರುವ ಮೊದಲೇ ಕೇಳಲು ಶುರುಮಾಡಬೇಕು. ಪಾಂಬನ್ನಿನ ಕದ ಎತ್ತಿದಾಗ ರೈಲು ಕಾಯುತ್ತಿತ್ತು, ದೋಣಿ ದಾಟಿದ ಮೇಲೆ ಕದ ಇಳಿದು ರೈಲು ಹೊರಡುತ್ತಿತ್ತು. ಕಾಯುವುದಕ್ಕೆ ಒಂದು ಅಳತೆ ಇತ್ತು, ಇಬ್ಬರಿಗೂ ಒಂದೊಂದು ಸರದಿ ಇತ್ತು.

ಸಮುದ್ರ ನೋಡದ ನಮ್ಮ ಜಿಲ್ಲೆಗೂ ಈ ಮಾತು ದೂರದ್ದಲ್ಲ. ಹೇಮಾವತಿಯ ನೀರನ್ನು ಗುಬ್ಬಿ ತಾಲ್ಲೂಕಿನಿಂದ ಪೈಪಿನಲ್ಲಿ ನೇರವಾಗಿ ಕುಣಿಗಲ್ಲಿಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ಕಡೆ ರೈತರು ಬೀದಿಗಿಳಿದರು. ಕಾಲುವೆಯ ಕೊನೆಯಲ್ಲಿರುವ ನಮಗೆ ನಮ್ಮ ಪಾಲು ಬಂದೇ ಇಲ್ಲ ಎಂದು ಕುಣಿಗಲ್ಲಿನವರು. ನಮ್ಮ ಪಾಲು ಹೋಗುತ್ತದೆ ಎಂದು ಗುಬ್ಬಿ, ತುಮಕೂರಿನವರು. ನನ್ನ ನಾದಿನಿ ಗುಬ್ಬಿಯಲ್ಲಿ, ತಂಗಿ ಕುಣಿಗಲ್ಲಿನಲ್ಲಿ. ತುಮಕೂರಿನ ನಮ್ಮ ಮನೆಯ ನಲ್ಲಿಗೂ ಅದೇ ಹೇಮಾವತಿ. ಯಾರ ಪಾಲು ಎಷ್ಟೆಂದು ತೀರ್ಪು ಕೊಡುವ ತಿಳಿವಳಿಕೆ ನನಗಿಲ್ಲ. ಆದರೆ ಒಂದು ಗೊತ್ತು. ನೀರಿನ ದಾರಿ ಬದಲಾದರೆ ಬಾಡುವ ಗಿಡ ಯಾವುದೆಂದು ಆ ಗಿಡ ನೆಟ್ಟವರಿಗೇ ಮೊದಲು ತಿಳಿಯುತ್ತದೆ. ಮೇಲಿನ ಊರಿನವರನ್ನೂ ಕೇಳಬೇಕು, ಕೊನೆಯ ಊರಿನವರನ್ನೂ ಕೇಳಬೇಕು. ಅದೂ ಪೈಪು ಬರುವುದಕ್ಕೆ ಮುಂಚೆ.

ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ಕೇಳು ಎಂಬುದೊಂದೇ ಮಾತು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಕೇಳಿದ ಹಾಗಾಗುವುದಿಲ್ಲ.

ಊರಿಗೆ ಬಂದ ಮೇಲೆ ಪೈಪನ್ನು ಒಂದು ಕಡೆ ಕತ್ತರಿಸಿ ಹಿತ್ತಲಿಗೆ ತಿರುಗಿಸಬೇಕೆಂದುಕೊಂಡೆ. ಕೆಲಸದವನನ್ನು ಕರೆಸುವ ಮೊದಲು ಅತ್ತೆಯ ಹತ್ತಿರ ಹೋಗಿ, "ಎಲ್ಲಿ ಕತ್ತರಿಸಲಿ?" ಎಂದು ಕೇಳಿದೆ. ಅವರು ಎದ್ದು ಬಂದರು. ಊರುಗೋಲಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದರು. ನಾನು ಅಂದುಕೊಂಡ ಜಾಗ ಅದಾಗಿರಲಿಲ್ಲ.