ಭೂತದಯೆ ಮತ್ತು ಹಿತ್ತಿಲಿನ ಕೋಳಿ

ಅಹಿಂಸೆಯು ಪರಮಧರ್ಮವೆಂಬುದನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಯಜ್ಞದಲ್ಲಿಯೂ ಸಜೀವ ಪಶುವಿನ ಸ್ಥಾನದಲ್ಲಿ ಹಿಟ್ಟಿನ ಪಶುವನ್ನು ಬಳಕೆಗೆ ತಂದ ಶ್ರೀಮದಾನಂದತೀರ್ಥರ ಪರಂಪರೆ ನಮ್ಮದು. ಮಾಂಸಾಹಾರವನ್ನು ವರ್ಜಿಸಿದ ಮನೆತನಗಳಲ್ಲಿ ಹುಟ್ಟಿದ್ದರಿಂದ ಈ ಧರ್ಮವು ನಮಗೆ ಅನಾಯಾಸವಾಗಿ ಸಿದ್ಧಿಸಿದೆಯೆಂಬ ಸಮಾಧಾನವೂ ಉಂಟು. ಆದರೆ ಕೊಲ್ಲದಿರುವುದು, ತಿನ್ನದಿರುವುದು ಇಷ್ಟರಿಂದಲೇ ಭೂತದಯೆಯು ಪೂರ್ಣವಾಗುವುದೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ಒಂದು ಕೋಳಿಯೇ ಸಾಕು.

ಮಂಗಳೂರಿನಲ್ಲಿ ಬಹುಮಹಡಿ ಕಟ್ಟಡಗಳು ಎಷ್ಟೇ ಎದ್ದಿದ್ದರೂ ಕೆಂಪುಕಲ್ಲಿನ ಪಾಗಾರದೊಳಗಿನ ಹಳೆಯ ಹಿತ್ತಿಲುಗಳು ಅಲ್ಲಲ್ಲಿ ಉಳಿದಿವೆ. ನೆರೆಯವರು ಸಾಕಿದ ಊರಿನ ಕೋಳಿಯು ಮುಂಗುಸಿಯಿಂದಲೋ ನಾಯಿಯಿಂದಲೋ ಗಾಯಗೊಂಡು ನಮ್ಮ ಬಾಳೆಯ ಬುಡಕ್ಕೆ ಬಂದು ಅಡಗುವುದು ಅಪೂರ್ವವೇನಲ್ಲ. ಆಗ ಮನೆಯೊಳಗೆ ಮೂರು ಆಕ್ಷೇಪಗಳು ಏಳುತ್ತವೆ. ಅದು ನಮ್ಮದಲ್ಲ, ಮುಟ್ಟಿದರೆ ಮಡಿ ಕೆಡುತ್ತದೆ, ಬದುಕಿಸಿದರೂ ನಾಳೆ ಅವರು ಅದನ್ನು ಕೊಯ್ಯುವವರೇ.

ಮೊದಲನೆಯದನ್ನು ನೋಡೋಣ. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ನಾಯಿ, ಕಾಗೆ, ಕ್ರಿಮಿಗಳಿಗೂ ಅನ್ನವಿಡಬೇಕೆಂದು ವಿಧಿಸಿದ ಶಾಸ್ತ್ರವು ಅವು ಯಾರ ಸೊತ್ತೆಂದು ವಿಚಾರಿಸಲು ಹೇಳಲಿಲ್ಲ. 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿಸಲಾದ ಮೂಲಭೂತ ಕರ್ತವ್ಯಗಳಲ್ಲಿಯೂ ಜೀವಿಗಳಲ್ಲಿ ಅನುಕಂಪವು ಸೇರಿದೆ.

ಎರಡನೆಯದು ಮಡಿಯ ಪ್ರಶ್ನೆ. ಮಡಿಯು ಭಗವತ್ಪೂಜೆಗೆ ಅಂಗವಾದ ಶುಚಿತ್ವ. ಅದನ್ನು ಅಲ್ಪವೆಂದು ಯಾರೂ ಭಾವಿಸಬಾರದು. ಆದರೆ ಕೆಟ್ಟ ಮಡಿಯು ಸ್ನಾನದಿಂದ ಮರಳಿ ಬರುತ್ತದೆ, ಹೋದ ಪ್ರಾಣವು ಮರಳುವುದಿಲ್ಲ. ಮಡಿಯಲ್ಲಿಲ್ಲದವರು ಮನೆಯಲ್ಲಿದ್ದರೆ ಅವರು ನೋಡಿಕೊಳ್ಳಲಿ. ಯಾರೂ ಇಲ್ಲದಿದ್ದರೆ ಶುಶ್ರೂಷೆ ಮುಗಿಸಿ ಸ್ನಾನ ಮಾಡಿದರಾಯಿತು.

ಮೂರನೆಯ ಆಕ್ಷೇಪವೇ ಕಠಿನವಾದದ್ದು. ಜೀವಜೀವರ ಭೇದವನ್ನು ಸತ್ಯವೆಂದು ಒಪ್ಪುವ ನಮ್ಮ ಸಿದ್ಧಾಂತದಲ್ಲಿ ಪ್ರತಿ ಜೀವನ ಸುಖದುಃಖಾನುಭವವೂ ಅದರದೇ ಆದದ್ದು. ಒಡೆಯನಿಗೆ ಆ ಕೋಳಿಯಿಂದ ಏನು ಪ್ರಯೋಜನವೆಂಬುದರಿಂದ ಅದರ ನೋವು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ನಾಳೆಯ ಕರ್ಮವು ಅವನದು, ಇಂದಿನದು ನಮ್ಮದು. ರೆಕ್ಕೆ ಕತ್ತರಿಸಲ್ಪಟ್ಟು ಬಿದ್ದಿದ್ದ ಜಟಾಯುವನ್ನು ಶ್ರೀರಾಮನು ಅಪ್ಪಿಕೊಂಡು ಮೈ ಸವರಿದನು. ಪ್ರಾಣ ಹೋದ ಮೇಲೆ ದಹನಮಾಡಿ ಗೋದಾವರಿಯಲ್ಲಿ ಜಲತರ್ಪಣವನ್ನಿತ್ತನು. ಜಟಾಯುವು ಸೀತೆಗಾಗಿ ಹೋರಾಡಿದವನು, ಕೋಳಿಯು ನಮಗೇನು ಮಾಡಿದೆ ಎಂದು ಕೇಳಬಹುದು. ಉಪಕಾರಕ್ಕೆ ಪ್ರತಿಯಾಗಿ ಮಾಡುವುದು ಕೃತಜ್ಞತೆ. ಏನೂ ಮಾಡದವನಿಗೆ ಮಾಡುವುದಕ್ಕಲ್ಲವೇ ದಯೆ ಎಂದು ಹೆಸರು?

ದಯೆಗೆ ತಿಳಿವಳಿಕೆಯೂ ಬೇಕು. ಹಕ್ಕಿಗೆ ನಮ್ಮಂತೆ ವಪೆಯಿಲ್ಲ. ಎದೆಯೆಲುಬು ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರು. ಆದುದರಿಂದ ಎದೆಯನ್ನು ಬಿಗಿಯಾಗಿ ಹಿಡಿಯಬಾರದು. ಅದರ ಸಹಜ ದೇಹೋಷ್ಣವೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೈ ಬಿಸಿಯಾಗಿದೆಯೆಂದು ಜ್ವರವೆಂದು ಎಣಿಸಿ ತಣ್ಣೀರು ಹೊಯ್ಯಬಾರದು. ಬೈಹುಲ್ಲು ಹಾಸಿದ ಹೆಡಿಗೆಯಲ್ಲಿ ಬೆಚ್ಚಗೆ, ಮಬ್ಬುಬೆಳಕಿನಲ್ಲಿ, ಇತರ ಕೋಳಿಗಳಿಂದ ದೂರವಿಡಬೇಕು. ರಕ್ತ ಕಂಡರೆ ಅವು ಗಾಯವನ್ನೇ ಕುಕ್ಕುತ್ತವೆ. ಗಾಯವನ್ನು ಕುದಿಸಿ ಆರಿಸಿದ, ತುಸು ಉಪ್ಪು ಬೆರೆಸಿದ ನೀರಿನಿಂದ ತೊಳೆಯಬೇಕು. ನೀರನ್ನು ಗಂಟಲಿಗೆ ಹೊಯ್ದರೆ ಶ್ವಾಸನಾಳ ಸೇರೀತು. ಕೊಕ್ಕಿನ ಅಂಚಿಗೆ ಹನಿಯಾಗಿ ತಾಗಿಸಿದರೆ ತಾನೇ ಕುಡಿಯುತ್ತದೆ. ಬಳಿಕ ಪಶುವೈದ್ಯರಿಗೆ ತೋರಿಸಬೇಕು. ಗಾಯವಿಲ್ಲದೆ ಹಲವು ಕೋಳಿಗಳು ಒಮ್ಮೆಗೇ ಸಾಯುತ್ತಿದ್ದರೆ ಅದು ಕೊಕ್ಕರೆರೋಗವೋ ಹಕ್ಕಿಜ್ವರವೋ ಆಗಿರಬಹುದು. ಆಗ ಬರಿಗೈಯಿಂದ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸುವುದೇ ಧರ್ಮ.

ಒಡೆಯನಿಗೂ ಮೊದಲೇ ತಿಳಿಸಬೇಕು. ಪರರ ಕೋಳಿಯನ್ನು ದಯೆಯ ಹೆಸರಿನಲ್ಲಿ ಬಚ್ಚಿಡುವುದು ಅಸ್ತೇಯಕ್ಕೆ ವಿರುದ್ಧ. ಶಕ್ತರು ಬೆಲೆಕೊಟ್ಟು ಬಿಡಿಸಿಕೊಳ್ಳಬಹುದು. ಆಗದವರು ಒಳ್ಳೆಯ ಮಾತಿನೊಡನೆ ಹಿಂದಿರುಗಿಸಬಹುದು. ಬದುಕುವುದಿಲ್ಲವೆಂದು ವೈದ್ಯರು ಹೇಳಿದರೂ ನೆರಳು, ನೀರು, ನಿಶ್ಶಬ್ದ ಇವಿಷ್ಟನ್ನು ಯಾವ ಮನೆಯೂ ಕೊಡಬಲ್ಲದು. ಜಟಾಯುವೂ ಬದುಕಲಿಲ್ಲ, ಆದರೂ ಶ್ರೀರಾಮನ ಉಪಚಾರವು ವ್ಯರ್ಥವಾಯಿತೆಂದು ಯಾರೂ ಹೇಳಲಿಲ್ಲ.

ನಾವು ತಿನ್ನುವುದಿಲ್ಲವೆಂಬುದು ಹಿರಿಯರಿಂದ ನಮಗೆ ಬಂದ ಆಚಾರ. ಬಾಳೆಯ ಬುಡದಲ್ಲಿ ನರಳುವ ಜೀವಕ್ಕೆ ಒಂದು ಹನಿ ನೀರು ಕೊಡುವುದನ್ನು ಮಾತ್ರ ನಾವೇ ಎದ್ದು ಮಾಡಬೇಕು.

|| ಶ್ರೀಕೃಷ್ಣಾರ್ಪಣಮಸ್ತು ||